ಕಚೇರಿಯ ಹಳೇ ಕಂಪ್ಯೂಟರು ಹಳ್ಳಿಯ ಅರಿವು ಕೇಂದ್ರ ಸೇರುವ ತನಕ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ನಿಂತಿತು. ವಿಂಡೋಸ್ 11 ಹಾಕಬೇಕೆಂದರೆ ಇಂಟೆಲ್‌ನ ಎಂಟನೇ ತಲೆಮಾರಿನ ಪ್ರೊಸೆಸರಾದರೂ ಇರಬೇಕು, ಜೊತೆಗೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು. ಹಾಗಾಗಿ ಬೆಂಗಳೂರಿನ ಕಚೇರಿಗಳಲ್ಲಿ ಆರನೇ, ಏಳನೇ ತಲೆಮಾರಿನ ಐ3, ಐ5 ಡೆಸ್ಕ್‌ಟಾಪ್‌ಗಳು, ಏನೂ ಕೆಡದಿದ್ದರೂ, ಮೂಲೆಗೆ ಬಿದ್ದಿವೆ. ಅಂಥ ಆರು ಯಂತ್ರಗಳನ್ನು ರಾಯಚೂರು ಜಿಲ್ಲೆಯ ಒಂದು ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ, ಅಂದರೆ ಹಳ್ಳಿಯ ಗ್ರಂಥಾಲಯದಲ್ಲಿ, ಕೂರಿಸುವ ಕೆಲಸ ಈಗಷ್ಟೇ ಮುಗಿದಿದೆ. ಇದೇ ಕೆಲಸಕ್ಕೆ ಕೈ ಹಾಕುವವರಿಗೆ ಮೊದಲೇ ಹೇಳಿಬಿಡುವುದು ಒಳ್ಳೆಯದು: ಕಂಪ್ಯೂಟರ್ ಸಿಗುವುದು, ಅದಕ್ಕೆ ವಿಂಡೋಸ್ ಬದಲು ಪುಕ್ಕಟೆ ಸಿಗುವ ಲಿನಕ್ಸ್ ಹಾಕುವುದು ಇಡೀ ಕೆಲಸದ ಸುಲಭದ ಭಾಗ. ಸಮಯವೂ ದುಡ್ಡೂ ಹೋಗುವುದು ಕಾಗದಪತ್ರಕ್ಕೆ, ಕರೆಂಟಿಗೆ ಮತ್ತು ಕನ್ನಡಕ್ಕೆ.

ಯಾರನ್ನೂ ಕೇಳುವ ಮೊದಲು ಪಂಚಾಯಿತಿಯ ದಾಸ್ತಾನು ವಹಿ ನೋಡಿ. ಎಷ್ಟೋ ಕೇಂದ್ರಗಳಲ್ಲಿ ಈಗಾಗಲೇ ಒಂದೆರಡು ಕಂಪ್ಯೂಟರ್ ಇರುತ್ತವೆ, ಆದರೆ ಬಟ್ಟೆ ಮುಚ್ಚಿಕೊಂಡು ಕೂತಿರುತ್ತವೆ. ಹಾರ್ಡ್ ಡಿಸ್ಕ್ ಸತ್ತಿರುತ್ತದೆ, ಇಲ್ಲವೇ ಮದರ್‌ಬೋರ್ಡಿನ ಮೇಲಿನ ನಾಣ್ಯದಾಕಾರದ ಸಿಆರ್2032 ಬ್ಯಾಟರಿ ಮುಗಿದಿರುತ್ತದೆ. ಆ ಬ್ಯಾಟರಿ ಹೋದರೆ ಯಂತ್ರ ಪ್ರತಿ ಸಲ ಆನ್ ಮಾಡಿದಾಗಲೂ ತಾರೀಖು ಮರೆತು, ಎಫ್1 ಒತ್ತಿ ಎಂದು ಕೇಳಿ ಅಲ್ಲೇ ನಿಲ್ಲುತ್ತದೆ. ನೋಡಿದವರು ಕೆಟ್ಟಿದೆ ಅಂದುಕೊಂಡು ಮುಚ್ಚಿಡುತ್ತಾರೆ. ನಲವತ್ತು ರೂಪಾಯಿಯ ಸಾಮಾನು ಅದು. ಇದ್ದದ್ದನ್ನು ಎಬ್ಬಿಸಿದರೆ ಹೊರಗಿಂದ ತರಬೇಕಾದ್ದು ಅಷ್ಟು ಕಡಿಮೆ.

ಪುಕ್ಕಟೆ ಕೊಡುವುದೂ ಸುಲಭವಲ್ಲ

ಕಂಪನಿಯ ಐಟಿ ವಿಭಾಗದವರು ಕೂಡಲೇ ಒಪ್ಪುತ್ತಾರೆ, ಅವರಿಗೆ ಜಾಗ ಖಾಲಿಯಾದರೆ ಸಾಕು. ತಡವಾಗುವುದು ಲೆಕ್ಕಪತ್ರ ವಿಭಾಗದಲ್ಲಿ. ಜಿಎಸ್‌ಟಿ ಕಾಯ್ದೆಯ ಮೊದಲನೇ ಅನುಸೂಚಿಯ ಪ್ರಕಾರ, ಕೊಳ್ಳುವಾಗ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ (ಕಟ್ಟಿದ ತೆರಿಗೆಗೆ ಸಿಗುವ ವಜಾ) ಪಡೆದಿದ್ದ ಆಸ್ತಿಯನ್ನು ದುಡ್ಡು ತೆಗೆದುಕೊಳ್ಳದೆ ಕೊಟ್ಟರೂ ಅದನ್ನು ಸರಬರಾಜು ಎಂದೇ ಎಣಿಸುತ್ತಾರೆ, ತೆರಿಗೆ ಬೀಳುತ್ತದೆ. ದಾನ ಎಂಬ ಪದ ಕೇಳಿದೊಡನೆ ಲೆಕ್ಕಿಗರು ಹಿಂದೆ ಸರಿಯುವುದು ಇದಕ್ಕೇ. ಹೊರದಾರಿ ಇದೆ: ಹಳೆಯ ಯಂತ್ರಕ್ಕೆ ಇರುವ ಸಣ್ಣ ಬೆಲೆ ಕಟ್ಟಿ, 18 ಪರ್ಸೆಂಟ್ ತೆರಿಗೆ ಸೇರಿಸಿ, ಇನ್‌ವಾಯ್ಸ್ ಮಾಡಿಸಿ ಕೊಳ್ಳುವುದು. ಯಂತ್ರಕ್ಕೆ ಕೆಲವು ನೂರು ರೂಪಾಯಿ ಹೋಗಬಹುದು, ಆದರೆ ಫೈಲು ಅಲುಗುತ್ತದೆ. ಪುಕ್ಕಟೆಯೇ ಬೇಕು ಎಂದು ಹಟ ಹಿಡಿದು ತಿಂಗಳುಗಟ್ಟಲೆ ಕಾಯುವುದಕ್ಕಿಂತ ಇದು ಮೇಲು.

ಇನ್ನೊಂದು ಮಾತು. ಪತ್ರ ವ್ಯವಹಾರದಲ್ಲಿ ಎಲ್ಲೂ ಇ-ತ್ಯಾಜ್ಯ ಎಂಬ ಪದ ಬಾರದಂತೆ ನೋಡಿಕೊಳ್ಳಿ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ಪ್ರಕಾರ ದೊಡ್ಡ ಬಳಕೆದಾರರು ಅದನ್ನು ನೋಂದಾಯಿತ ಸಂಸ್ಥೆಗಳಿಗೇ ಕೊಡಬೇಕು. ಒಮ್ಮೆ ಪುಸ್ತಕದಲ್ಲಿ ತ್ಯಾಜ್ಯ ಎಂದು ಬರೆದರೆ ಪಂಚಾಯಿತಿಗೆ ಕೊಡುವ ದಾರಿ ಮುಚ್ಚಿದಂತೆ. ‘ಬಳಕೆಗೆ ಯೋಗ್ಯವಾದ ಹಳೆಯ ಕಂಪ್ಯೂಟರ್’ ಎಂದು ಬರೆಸಿ.

ಯಂತ್ರ ಕಚೇರಿಯ ಗೇಟು ದಾಟುವ ಮೊದಲು ಐಟಿಯವರಿಂದ ಮೂರು ಕೆಲಸ ಮಾಡಿಸಿಕೊಳ್ಳಬೇಕು, ಆಮೇಲೆ ಆಗುವುದಿಲ್ಲ. ಮೊದಲನೆಯದು ಬಯಾಸ್ ಪಾಸ್‌ವರ್ಡ್, ಅಂದರೆ ಯಂತ್ರ ಶುರುವಾಗುವಾಗಲೇ ತಡೆಯುವ ಪಾಸ್‌ವರ್ಡ್, ತೆಗೆಸುವುದು. ಸಿಆರ್2032 ಬಿಚ್ಚಿ ಹಾಕಿದರೆ ಅಳಿಸಿಹೋಗುತ್ತದೆ ಎನ್ನುವುದು ಹಳೇ ಕಾಲದ ಮಾತು. ಕಚೇರಿಗೆಂದೇ ಮಾಡಿದ ಡೆಸ್ಕ್‌ಟಾಪ್‌ಗಳಲ್ಲಿ ಕೆಲವಕ್ಕೆ ಅದನ್ನು ಅಳಿಸಲು ಮದರ್‌ಬೋರ್ಡಿನ ಮೇಲೆ ಜಂಪರ್ ಎಂಬ ಪುಟ್ಟ ಕೊಂಡಿ ಇರುತ್ತದೆ, ಲ್ಯಾಪ್‌ಟಾಪ್‌ಗಳಲ್ಲಿ ಅದೂ ಇರುವುದಿಲ್ಲ. ಎರಡನೆಯದು ಹಾರ್ಡ್ ಡಿಸ್ಕ್ ಕುರಿತದ್ದು. ಮಾಹಿತಿ ಸೋರಬಾರದೆಂದು ಡಿಸ್ಕನ್ನು ಕಿತ್ತಿಟ್ಟುಕೊಳ್ಳುವುದು ಅವರ ಹಕ್ಕು, ಅದು ಸರಿ ಕೂಡ. ಆದರೆ ಕೀಳುವಾಗ ಅದರ ಪ್ಲಾಸ್ಟಿಕ್ ತಟ್ಟೆ, ಸ್ಕ್ರೂ, ಸಾಟಾ ಕೇಬಲ್ ಮತ್ತು ಪವರ್ ಕೇಬಲ್ಲನ್ನೂ ಸೇರಿಸಿ ಒಯ್ಯುತ್ತಾರೆ. ಚಿಕ್ಕ ಡಬ್ಬಿಯ ಯಂತ್ರಗಳಲ್ಲಿ ಪವರ್ ಕೇಬಲ್ ಆ ಕಂಪನಿಯದೇ ವಿಶೇಷ ಬಗೆಯದು, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಅಂಗಡಿ ಅಂಗಡಿ ಸುತ್ತಿದರೂ ಸುಲಭಕ್ಕೆ ಸಿಗುವುದಿಲ್ಲ. ಡಿಸ್ಕ್ ಮಾತ್ರ ತೆಗೆಯಿರಿ, ಉಳಿದದ್ದು ಬಿಡಿ ಎಂದು ಬರೆದು ಕೊಡಿ. ಮೂರನೆಯದು ಪ್ರತಿ ಯಂತ್ರದ ಸೀರಿಯಲ್ ನಂಬರ್ ಇರುವ ಪಟ್ಟಿ. ಪಂಚಾಯಿತಿಯ ವಹಿಗೆ ಏರಿಸಲು, ದಾರಿಯಲ್ಲಿ ಗಾಡಿ ತಡೆದರೆ ತೋರಿಸಲು ಅದೇ ಆಧಾರ. ಸಾಗಿಸುವ ಸರಕಿನ ಮೌಲ್ಯ 50,000 ರೂಪಾಯಿ ದಾಟಿದರೆ ಇ-ವೇ ಬಿಲ್ ಎಂಬ ಸಾಗಣೆ ಪತ್ರ ಬೇಕು. ಹಳೇ ಯಂತ್ರಗಳ ಬೆಲೆ ಅಷ್ಟಾಗುವುದು ಅಪರೂಪ.

ಮಾನಿಟರ್ ತೆಗೆದುಕೊಳ್ಳುವಾಗ ಹಿಂದಿನ ತೂತು ನೋಡಿ. ಕಚೇರಿ ಯಂತ್ರಗಳಲ್ಲಿ ಡಿಸ್‌ಪ್ಲೇಪೋರ್ಟ್ ಇರುತ್ತದೆ, ಮಾನಿಟರಿನಲ್ಲಿ ಎಚ್‌ಡಿಎಂಐ ಇಲ್ಲವೇ ವಿಜಿಎ ಮಾತ್ರ ಇರಬಹುದು. ಡಿಸ್‌ಪ್ಲೇಪೋರ್ಟಿನಿಂದ ಎಚ್‌ಡಿಎಂಐಗೆ ಹೋಗುವ ಸಾದಾ ಕೇಬಲ್ ಒಂದೇ ದಿಕ್ಕಿನಲ್ಲಿ ಕೆಲಸ ಮಾಡುತ್ತದೆ. ಯಂತ್ರದ ಕಡೆ ಎಚ್‌ಡಿಎಂಐ, ಮಾನಿಟರ್ ಕಡೆ ಡಿಸ್‌ಪ್ಲೇಪೋರ್ಟ್ ಆದರೆ ಅದೇ ಕೇಬಲ್ ತಿರುಗಿಸಿ ಹಾಕಿದರೂ ಪರದೆ ಕಪ್ಪಗೇ ಇರುತ್ತದೆ.

ಪಂಚಾಯಿತಿಯ ಠರಾವು

ಗ್ರಾಮೀಣ ಗ್ರಂಥಾಲಯಗಳ ಆಡಳಿತ 2019ರಲ್ಲಿ ಸಾರ್ವಜನಿಕ ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂತು. ಹೀಗಾಗಿ ಅರ್ಜಿ ಹೋಗಬೇಕಾದ್ದು ಪಿಡಿಒ ಅವರಿಗೆ, ಜಿಲ್ಲಾ ಕೇಂದ್ರ ಗ್ರಂಥಾಲಯಕ್ಕಲ್ಲ. ಈ ಗೊಂದಲದಲ್ಲಿ ಈಗಲೂ ಅರ್ಜಿಗಳು ತಪ್ಪು ಮೇಜಿನ ಮೇಲೆ ಕೂತಿರುತ್ತವೆ.

ಪಿಡಿಒ ಬಾಯಿಮಾತಿನಲ್ಲಿ ಹೂಂ ಎಂದರೆ ಸಾಲದು. ಅವರಿಗೆ ವರ್ಗವಾಗುತ್ತದೆ, ಬಂದ ಹೊಸಬರು ಇದ್ಯಾರ ಸಾಮಾನು ಎಂದು ಕೇಳುತ್ತಾರೆ. ಸಾಮಾನ್ಯ ಸಭೆಯಲ್ಲಿ ಠರಾವು ಆಗಲೇಬೇಕು. ಸಭೆ ಕರೆಯುವ ತನಕ ಕಾಯಬೇಕು, ಕರೆದ ಸಭೆ ಕೋರಂ ಇಲ್ಲದೆ ಮುಂದಕ್ಕೆ ಹೋಗುವುದೂ ಉಂಟು. ಆ ಕಾಯುವ ಹೊತ್ತಿನಲ್ಲಿ ಮನಸ್ಸು ಮುರಿಯುವುದು ಸಹಜ. ಯಂತ್ರಗಳನ್ನು ಬಿಚ್ಚಿ ಒರೆಸಿ ಜೋಡಿಸುವ ಕೆಲಸವನ್ನು ಆಗಲೇ ಮುಗಿಸಿಕೊಳ್ಳಿ.

ಠರಾವಿನಲ್ಲಿ ಬರೆಸಬೇಕಾದ್ದು ‘ಕಂಪ್ಯೂಟರ್ ಸ್ವೀಕರಿಸಲಾಯಿತು’ ಎಂಬ ಒಂದು ಸಾಲಲ್ಲ. ಯಂತ್ರಗಳು ದಾಸ್ತಾನು ವಹಿಗೆ ಏರಬೇಕು ಎಂಬುದು ಬರಬೇಕು. ಕರೆಂಟ್ ಬಿಲ್ ಮತ್ತು ಇಂಟರ್ನೆಟ್ ಬಿಲ್ ಯಾವ ಲೆಕ್ಕದಿಂದ ಎಂಬುದು ಬರಬೇಕು. ಆಸ್ತಿ ತೆರಿಗೆಯ ಮೇಲೆ ಶೇಕಡ 6ರಷ್ಟು ಗ್ರಂಥಾಲಯ ಕರ ವಸೂಲಾಗುತ್ತದೆ, ಅದನ್ನು ನೆನಪಿಸಲು ಸಂಕೋಚ ಬೇಡ. ಬೀಗದ ಕೈ ಯಾರ ಬಳಿ ಎಂಬುದು ಬರಬೇಕು. ಮತ್ತೊಂದು ವಾಕ್ಯ, ಇದನ್ನು ಬಿಟ್ಟರೆ ಪಶ್ಚಾತ್ತಾಪ ಖಂಡಿತ: ಈ ಯಂತ್ರಗಳನ್ನು ಪಂಚಾಯಿತಿ ಕಚೇರಿಯ ಕೆಲಸಕ್ಕೆ ಒಯ್ಯುವಂತಿಲ್ಲ. ಕಚೇರಿಯ ಕಂಪ್ಯೂಟರ್ ಕೆಟ್ಟ ದಿನ ಎಲ್ಲರ ಕಣ್ಣು ಪಕ್ಕದ ಅರಿವು ಕೇಂದ್ರದ ಮೇಲೇ ಬೀಳುತ್ತದೆ.

ಮುಟ್ಟಿದ್ರ ಜುಮ್ ಅಂತೈತ್ರಿ

ಕರೆಂಟಿನ ವಿಷಯವನ್ನು ಉದ್ದಕ್ಕೆ ಹೇಳಲೇಬೇಕು. ಪ್ರಯೋಗಕ್ಕೆಂದು ಒಂದು ಯಂತ್ರ ಹಚ್ಚಿ ಇಟ್ಟಾಗ ಕೇಂದ್ರದ ಮೇಲ್ವಿಚಾರಕಿ ಹೇಳಿದ ಮೊದಲ ಮಾತೇ ಈ ಉಪಶೀರ್ಷಿಕೆ. ಕಂಪ್ಯೂಟರಿಗೆ ವಿದ್ಯುತ್ ಕೊಡುವ ಎಸ್‌ಎಂಪಿಎಸ್ ಪೆಟ್ಟಿಗೆಯ ಒಳಗೆ ವಿದ್ಯುತ್ತಿನ ಗಲಾಟೆಯನ್ನು ಸೋಸಲು ಫೇಸ್ ಮತ್ತು ನ್ಯೂಟ್ರಲ್ ಎರಡರಿಂದಲೂ ತಗಡಿನ ಡಬ್ಬಿಗೆ ಸಣ್ಣ ಕೆಪಾಸಿಟರ್ ಇರುತ್ತವೆ. ಅರ್ಥಿಂಗ್ ಇದ್ದರೆ ಆ ಸೋರಿಕೆ ನೆಲಕ್ಕೆ ಹೋಗುತ್ತದೆ. ಇಲ್ಲದಿದ್ದರೆ ಡಬ್ಬಿಯ ಮೇಲೆ ಸುಮಾರು 110 ವೋಲ್ಟ್ ತೇಲುತ್ತ ನಿಲ್ಲುತ್ತದೆ. ಸೋರುವ ಕರೆಂಟು ಅತಿ ಕಡಿಮೆಯಾದ್ದರಿಂದ ಜುಮ್ ಅಂದು ಸುಮ್ಮನಾಗುತ್ತದೆ. ಆದರೆ ಬರಿಗಾಲಲ್ಲಿ ಬಂದ ಮಗುವಿಗೆ ಒಮ್ಮೆ ಹೊಡೆದರೆ ಆ ಮನೆಯವರು ಮತ್ತೆ ಕಳಿಸುವುದಿಲ್ಲ. ನಾಳೆ ಎಸ್‌ಎಂಪಿಎಸ್ ಒಳಗೆ ನಿಜವಾಗಿ ಏನಾದರೂ ಸುಟ್ಟರೆ ಅದು ಬರೀ ಜುಮ್ ಆಗಿ ಉಳಿಯುವುದೂ ಇಲ್ಲ.

ಪರೀಕ್ಷೆ ಸರಳ, ಆದರೆ ಕರೆಂಟ್ ಕೆಲಸ ಗೊತ್ತಿದ್ದವರೇ ಮಾಡಬೇಕು. ಮಲ್ಟಿಮೀಟರಿನಿಂದ ಸಾಕೆಟ್ಟಿನಲ್ಲಿ ಫೇಸ್–ನ್ಯೂಟ್ರಲ್ ಅಳೆದರೆ 230ರ ಆಸುಪಾಸು, ಫೇಸ್–ಅರ್ಥ್ ಅಳೆದರೂ ಹೆಚ್ಚುಕಡಿಮೆ ಅಷ್ಟೇ, ನ್ಯೂಟ್ರಲ್–ಅರ್ಥ್ ಅಳೆದರೆ ಎರಡು ಮೂರು ವೋಲ್ಟಿನೊಳಗೆ ಬರಬೇಕು. ಹಳೇ ಕಟ್ಟಡಗಳಲ್ಲಿ ಸಾಕೆಟ್ಟಿಗೆ ಮೂರು ತೂತು ಇರುತ್ತದೆ, ಮೇಲಿನ ತೂತಿನ ಹಿಂದೆ ತಂತಿಯೇ ಇರುವುದಿಲ್ಲ. ಕೆಲವರು ನ್ಯೂಟ್ರಲನ್ನೇ ಅರ್ಥ್ ಪಿನ್ನಿಗೆ ಜೋಡಿಸಿ ‘ಆತ್ರಿ ಸರ’ ಎನ್ನುತ್ತಾರೆ. ಮೀಟರಿನಲ್ಲಿ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಹೊರಗೆ ನ್ಯೂಟ್ರಲ್ ಕಡಿದ ದಿನ ಡಬ್ಬಿಗಳ ಮೇಲೆ ಪೂರ್ತಿ 230 ವೋಲ್ಟ್ ಬರುತ್ತದೆ. ಸಾಕೆಟ್ ಬಿಚ್ಚಿಸಿ ಕಣ್ಣಾರೆ ನೋಡಿ.

ಹೊಸ ಅರ್ಥ್ ಗುಂಡಿಗೆ ನಾಲ್ಕೈದು ಸಾವಿರ ಹಿಡಿಯುತ್ತದೆ. ಆ ಕಡೆಯದು ಎರೆಭೂಮಿ. ಮಳೆಗಾಲದಲ್ಲಿ ಅರ್ಥಿಂಗ್ ಬಲು ಚೆನ್ನ, ಬೇಸಿಗೆಯಲ್ಲಿ ಮಣ್ಣು ಬಾಯಿಬಿಟ್ಟು ರಾಡಿನಿಂದ ಬಿಟ್ಟುಕೊಂಡರೆ ಇದ್ದೂ ಇಲ್ಲದಂತೆ. ಗುಂಡಿಯನ್ನು ಗೋಡೆಯಿಂದ ಸ್ವಲ್ಪ ದೂರ, ಕುಡಿಯುವ ನೀರಿನ ನಲ್ಲಿಯ ನೀರು ಹರಿಯುವ ಕಡೆ ತೆಗೆಸಿದರೆ ಯಾರೂ ನೆನಪಿಟ್ಟು ನೀರು ಹೊಯ್ಯಬೇಕಿಲ್ಲ. ಕಂಪ್ಯೂಟರ್ ಸಾಲಿಗೆ ಬೇರೆಯೇ 2.5 ಚದರ ಮಿ.ಮೀ. ತಂತಿ, ಹೊರೆ ಹೆಚ್ಚಾದರೆ ಕರೆಂಟ್ ಕಡಿಯುವ 16 ಆಂಪಿಯರಿನ ಎಂಸಿಬಿ, ಕರೆಂಟ್ ಸೋರಿದರೆ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಿಸಿ. ತಂತಿಯೆಲ್ಲ ಗಟ್ಟಿ ಪೈಪಿನೊಳಗೆ ಹೋಗಲಿ, ಇಲಿಗಳಿಗೆ ನೆಟ್‌ವರ್ಕ್ ಕೇಬಲ್ ಎಂದರೆ ಅಚ್ಚುಮೆಚ್ಚು.

ಇನ್ನು ಇನ್ವರ್ಟರ್. ಇಂಥ ಆರು ಚಿಕ್ಕ ಡೆಸ್ಕ್‌ಟಾಪ್, ಎಲ್‌ಇಡಿ ಮಾನಿಟರ್ ಸೇರಿ ಸುಮಾರು 350 ವ್ಯಾಟ್ ಎಳೆಯುತ್ತವೆ. 12 ವೋಲ್ಟಿನ 150 ಎಎಚ್ ಬ್ಯಾಟರಿಯಲ್ಲಿರುವುದು 1800 ವ್ಯಾಟ್‌ಅವರ್. ಪೂರ್ತಿ ಬರಿದು ಮಾಡಬಾರದು, ಇನ್ವರ್ಟರೂ ತನ್ನ ಪಾಲು ತಿನ್ನುತ್ತದೆ. ಹೊಸದರಲ್ಲಿ ಮೂರೂವರೆ ತಾಸು, ಎರಡು ವರ್ಷ ಕಳೆದ ಮೇಲೆ ಎರಡೂವರೆ ತಾಸು ಎಂದು ಲೆಕ್ಕ ಹಿಡಿಯಿರಿ. ಪ್ಯೂರ್ ಸೈನ್ ವೇವ್ ಇನ್ವರ್ಟರೇ ಬೇಕು. ಅಗ್ಗದ ಸ್ಕ್ವೇರ್ ವೇವ್ ಇನ್ವರ್ಟರಿನ ಮೇಲೆ ಕೆಲವು ಎಸ್‌ಎಂಪಿಎಸ್ ಗುಂಯ್‌ಗುಡುತ್ತವೆ, ಕೆಲವು ತಾವಾಗಿಯೇ ರೀಸ್ಟಾರ್ಟ್ ಆಗುತ್ತವೆ.

ಎಲ್ಲರನ್ನೂ ಹೈರಾಣು ಮಾಡುವ ಒಂದು ಸಣ್ಣ ಸ್ವಿಚ್ ಇದೆ, ಇನ್ವರ್ಟರಿನ ಹಿಂಬದಿಯಲ್ಲಿ. ಅದನ್ನು ಯುಪಿಎಸ್ ಮೋಡ್‌ಗೆ ಹಾಕಿದರೆ ಕರೆಂಟ್ ಹೋದಾಗ ಕಂಪ್ಯೂಟರ್ ಕಣ್ಣು ಮಿಟುಕಿಸುವುದಿಲ್ಲ, ಅಷ್ಟು ಬೇಗ ಬ್ಯಾಟರಿಗೆ ಜಿಗಿಯುತ್ತದೆ. ಆದರೆ ಈ ಮೋಡ್‌ನಲ್ಲಿ ಅದು 180 ವೋಲ್ಟಿಗಿಂತ ಕಡಿಮೆ ಬಂದದ್ದನ್ನು ಕರೆಂಟ್ ಎಂದೇ ಒಪ್ಪುವುದಿಲ್ಲ. ಊರಿನಲ್ಲಿ ಸಂಜೆ ಎಲ್ಲ ಮನೆಗಳಲ್ಲಿ ದೀಪ, ಮಿಕ್ಸರು, ಟಿವಿ ಶುರುವಾದಾಗ ವೋಲ್ಟೇಜು 170ಕ್ಕೆ ಇಳಿಯುತ್ತದೆ. ಫ್ಯಾನು ತಿರುಗುತ್ತಿದೆ, ಲೈಟು ಉರಿಯುತ್ತಿದೆ, ಇನ್ವರ್ಟರ್ ಮಾತ್ರ ಬ್ಯಾಟರಿ ತಿನ್ನುತ್ತಿರುತ್ತದೆ. ರಾತ್ರಿ ಚಾರ್ಜೂ ಆಗುವುದಿಲ್ಲ. ಬ್ಯಾಟರಿ ಕೆಟ್ಟಿತೆಂದು ಅಂಗಡಿಗೆ ಹೊತ್ತೊಯ್ದರೆ ಅಲ್ಲಿ ಸರಿಯಾಗಿಯೇ ಇದೆ ಎನ್ನುತ್ತಾರೆ. ಇನ್ವರ್ಟರಿನ ಮುಂದೆ ಸ್ಟೆಬಿಲೈಸರ್ ಹಾಕುವುದು ಒಂದು ಉಪಾಯ. ದುಡ್ಡಿಲ್ಲದಿದ್ದರೆ ಸಾದಾ ಮೋಡ್‌ಗೆ ಹಾಕಿ. ಒಳ್ಳೆಯ ಎಸ್‌ಎಂಪಿಎಸ್ ಇರುವ ಯಂತ್ರಗಳು ಆ ಕ್ಷಣದ ಅಂತರವನ್ನು ತಡೆದುಕೊಳ್ಳುತ್ತವೆ. ತಡೆಯದ ಒಂದೆರಡು ಇದ್ದರೆ ಅವಕ್ಕೆ ಮಾತ್ರ 600 ವಿಎ ಯುಪಿಎಸ್ ಕೊಡಿ. ಸ್ಥಳೀಯವಾಗಿ ಜೋಡಿಸಿದ ಹಳೇ ಯಂತ್ರವಿದ್ದರೆ ಅದರ ಬೆನ್ನಿನ 115/230 ಕೆಂಪು ಸ್ವಿಚ್ಚಿಗೆ ಟೇಪ್ ಅಂಟಿಸಿಬಿಡಿ. ಮಕ್ಕಳು ಅದನ್ನು 115ಕ್ಕೆ ಸರಿಸಿದರೆ ಮುಂದಿನದು ಢಂ ಎಂಬ ಸದ್ದು, ಹೊಗೆ.

ಒಳಗಿನ ಕೆಲಸ

ಪ್ರತಿ ಯಂತ್ರಕ್ಕೆ 256 ಜಿಬಿ ಎಸ್‌ಎಸ್‌ಡಿ, ರ‍್ಯಾಮ್ ಒಟ್ಟು 8 ಜಿಬಿ, ಹೊಸ ಸಿಆರ್2032, ಪ್ರೊಸೆಸರಿನ ಮೇಲೆ ಹೊಸ ಥರ್ಮಲ್ ಪೇಸ್ಟ್, ಕೀಬೋರ್ಡ್, ಮೌಸ್. ರ‍್ಯಾಮ್ ಕೊಳ್ಳುವ ಮೊದಲು ಇದ್ದದ್ದನ್ನು ತೆಗೆದು ನೋಡಿ; ಆರನೇ ತಲೆಮಾರಿನ ಯಂತ್ರಗಳಲ್ಲಿ ಡಿಡಿಆರ್3 ಜಾತಿಯದೂ ಇರಬಹುದು, ಡಿಡಿಆರ್4 ಕೂಡ ಇರಬಹುದು. ಹಳೇ ರ‍್ಯಾಮನ್ನು ಒಂದು ರಾತ್ರಿ ಮೆಮ್‌ಟೆಸ್ಟ್ ಎಂಬ ಪರೀಕ್ಷಾ ತಂತ್ರಾಂಶದಲ್ಲಿ ಓಡಿಸಿ. ಕೇಬಲ್ಲೂ ಸೇರಿ ಯಂತ್ರಕ್ಕೆ ಮೂರರಿಂದ ಮೂರೂವರೆ ಸಾವಿರ ಬಿತ್ತು ಎನ್ನಿ. ರ‍್ಯಾಮ್, ಎಸ್‌ಎಸ್‌ಡಿ ಬೆಲೆ ವಾರಕ್ಕೊಂದು ಥರ ಇರುತ್ತದೆ. ಆರಕ್ಕೆ ಇಪ್ಪತ್ತು ಸಾವಿರದ ಆಸುಪಾಸು. ಅರ್ಥಿಂಗ್, ವೈರಿಂಗ್, ಇನ್ವರ್ಟರ್, ಬ್ಯಾಟರಿಯ ಖರ್ಚು ಬೇರೆ, ಅದು ಇದಕ್ಕಿಂತ ಹದಿನೈದು ಸಾವಿರ ಹೆಚ್ಚು. ದಾನಿಗಳ ಬಳಿ ಹೋಗುವಾಗ ಈ ಎರಡನೇ ಲೆಕ್ಕವನ್ನು ಮೊದಲು ಇಡಿ. ಕಂಪ್ಯೂಟರಿಗೆ ದುಡ್ಡು ಕೊಡುವವರು ಸಿಗುತ್ತಾರೆ, ಅರ್ಥ್ ಗುಂಡಿಯ ಮುಂದೆ ಫೋಟೋ ತೆಗೆಸಿಕೊಳ್ಳಲು ಯಾರೂ ಬರುವುದಿಲ್ಲ.

ಹಾಕಿದ್ದು ಲಿನಕ್ಸ್ ಮಿಂಟ್ 22ರ ಎಕ್ಸ್‌ಎಫ್‌ಸಿಇ ಆವೃತ್ತಿ. 2029ರ ತನಕ ಅಪ್‌ಡೇಟ್ ಬರುತ್ತದೆ, ಈ ಯಂತ್ರಗಳಿಗೆ ಹಗುರ. ಒಂದನ್ನು ಪೂರ್ತಿ ಸಿದ್ಧ ಮಾಡಿ ಕ್ಲೋನ್‌ಝಿಲ್ಲಾ ಎಂಬ ನಕಲು ತಂತ್ರಾಂಶದಿಂದ ಉಳಿದವಕ್ಕೆ ಇಳಿಸಿದರೆ ಅರ್ಧ ದಿನ ಉಳಿಯುತ್ತದೆ. ಇಳಿಸಿದ ಮೇಲೆ ಪ್ರತಿಯೊಂದರ ಹೆಸರು ಮತ್ತು ಮೆಷಿನ್-ಐಡಿ ಎಂಬ ಗುರುತಿನ ಸಂಖ್ಯೆ ಬದಲಿಸಬೇಕು, ಇಲ್ಲವಾದರೆ ಎರಡು ಯಂತ್ರಗಳು ನೆಟ್‌ವರ್ಕಿನ ಒಂದೇ ವಿಳಾಸಕ್ಕೆ ಕಿತ್ತಾಡುವ ಸಂಭವವಿದೆ.

ಅರಿವು ಕೇಂದ್ರದ ಕಂಪ್ಯೂಟರಿನಲ್ಲಿ ಜನ ತೆಗೆಯುವುದು ಆಧಾರ್, ಪಹಣಿ, ಬ್ಯಾಂಕ್ ಪಾಸ್‌ಬುಕ್ಕಿನ ಪಿಡಿಎಫ್. ಒಬ್ಬರು ಎದ್ದು ಹೋದ ಮೇಲೆ ಡೌನ್‌ಲೋಡ್ ಫೋಲ್ಡರಿನಲ್ಲಿ ಅವರ ಆಧಾರ್ ಕೂತಿರುತ್ತದೆ. ಅದಕ್ಕೆ ಪಾಸ್‌ವರ್ಡ್ ಇದೆಯಲ್ಲ ಎನ್ನಬೇಡಿ. ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ, ಹುಟ್ಟಿದ ವರ್ಷ ಎಂಬುದು ಊರಿಗೆಲ್ಲ ಗೊತ್ತು. ಆದ್ದರಿಂದ ಸಾರ್ವಜನಿಕರಿಗೆ ಗೆಸ್ಟ್ ಸೆಷನ್ ಮಾತ್ರ. ಮಿಂಟ್‌ನ ಲಾಗಿನ್ ವಿಂಡೋ ಸೆಟ್ಟಿಂಗಿನಲ್ಲಿ ಅದನ್ನು ಆನ್ ಮಾಡಬಹುದು. ಲಾಗ್‌ಔಟ್ ಆದೊಡನೆ ಇಟ್ಟದ್ದೆಲ್ಲ ಅಳಿಸಿಹೋಗುತ್ತದೆ. ಇದರಲ್ಲೊಂದು ತೊಡಕು: ಗೆಸ್ಟ್ ಪ್ರತಿ ಸಲ ಹೊಸದಾಗಿ ಹುಟ್ಟುವುದರಿಂದ ಕನ್ನಡ ಕೀಬೋರ್ಡಿನ ಸೆಟ್ಟಿಂಗೂ ಮಾಯ. ಒಂದು ಸಾದಾ ಖಾತೆಯಲ್ಲಿ ಎಲ್ಲ ಸೆಟ್ಟಿಂಗ್ ಮಾಡಿ, ಆ ಕಡತಗಳನ್ನು ಇಟಿಸಿ ಫೋಲ್ಡರಿನ ಗೆಸ್ಟ್-ಸೆಷನ್ ಒಳಗೆ ಸ್ಕೆಲ್ ಎಂಬ ಫೋಲ್ಡರ್ ಮಾಡಿ ಅದರಲ್ಲಿ ಇಟ್ಟರೆ ಪ್ರತಿ ಗೆಸ್ಟಿಗೂ ಅವು ಬರುತ್ತವೆ. ಇನ್ನೊಂದು: ಮಕ್ಕಳು ಬಿಡಿಸಿದ ಚಿತ್ರ, ಬರೆದ ಪ್ರಬಂಧವೂ ಅಳಿಸಿಹೋಗುತ್ತದೆ. ಅವರಿಗೆ ‘ಶಾಲೆ’ ಎಂಬ ಬೇರೆ ಖಾತೆ ಬೇಕೇ ಬೇಕು. ಅಳಿದ ಚಿತ್ರಕ್ಕಾಗಿ ಅತ್ತ ಮಗುವನ್ನು ಸಮಾಧಾನ ಮಾಡುವುದು ಯಾವ ತಂತ್ರಜ್ಞರಿಂದಲೂ ಆಗದು.

ಕೀಬೋರ್ಡ್ ವಿನ್ಯಾಸ ಯಾವುದಿರಲಿ ಎಂಬ ಚರ್ಚೆಗೆ ಕೊನೆಯಿಲ್ಲ. ಐಬಸ್ ಮತ್ತು ಎಂ17ಎನ್ ಎಂಬ ಟೈಪಿಂಗ್ ತಂತ್ರಾಂಶಗಳನ್ನು ಹಾಕಿಕೊಂಡರೆ ಇನ್‌ಸ್ಕ್ರಿಪ್ಟ್, ಕೆಜಿಪಿ, ಲಿಪ್ಯಂತರ ಎಲ್ಲವೂ ಸಿಗುತ್ತವೆ. ಎಲ್ಲವನ್ನೂ ಇಟ್ಟರೆ ಯಾರಿಗೂ ಒಂದೂ ಬರುವುದಿಲ್ಲ. ಇಲ್ಲಿ ಕೆಜಿಪಿ ಇಟ್ಟದ್ದಕ್ಕೆ ಕಾರಣ ಒಂದೇ: ಪಂಚಾಯಿತಿಯ ಡಾಟಾ ಎಂಟ್ರಿ ಆಪರೇಟರಿಗೆ ‘ನುಡಿ’ ತಂತ್ರಾಂಶದಿಂದಾಗಿ ಅದೇ ಬೆರಳಿಗೆ ಕೂತಿದೆ, ಸಿಕ್ಕಿಕೊಂಡಾಗ ಕೇಳಲು ಊರಲ್ಲೇ ಒಬ್ಬರಿದ್ದಾರೆ. ‘ಕನ್ನಡ’ ಎಂದು ಬರೆಯಲು ಕೆ, ಎನ್, ಎಫ್, ಎನ್, ಡಬ್ಲ್ಯೂ ಒತ್ತಬೇಕು. ಎಫ್ ಎಂದರೆ ಅರ್ಧಾಕ್ಷರ, ಡಬ್ಲ್ಯೂ ಎಂದರೆ ಡ. ಈ ಎರಡನ್ನು ಮೊದಲ ದಿನವೇ ಹೇಳಿಕೊಟ್ಟರೆ ಒತ್ತಕ್ಷರದ ಭಯ ಹೋಗುತ್ತದೆ. ಕೀಲಿಗಳ ಮೇಲೆ ಕನ್ನಡ ಸ್ಟಿಕ್ಕರ್ ಅಂಟಿಸುವುದಾದರೆ ಲ್ಯಾಮಿನೇಟ್ ಆದದ್ದೇ ಇರಲಿ, ಬೆವರಿನ ಕೈಗೆ ಸಾದಾ ಸ್ಟಿಕ್ಕರ್ ನಿಲ್ಲುವುದಿಲ್ಲ. ಹಳೇ ಸುತ್ತೋಲೆಗಳು ನುಡಿಯ ಯೂನಿಕೋಡ್ ಅಲ್ಲದ ಫಾಂಟಿನಲ್ಲಿರುತ್ತವೆ, ತೆರೆದರೆ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ. ಕಡತ ಕೆಟ್ಟಿಲ್ಲ, ಪರಿವರ್ತಕದಲ್ಲಿ ಹಾಕಿ ತೆಗೆಯಬೇಕು.

ಕಣ್ಣು ಕಾಣದವರಿಗೆ ಒಂದು ಯಂತ್ರದಲ್ಲಿ ಓರ್ಕಾ ಎಂಬ ಪರದೆ ಓದುಗವನ್ನು ಆನ್ ಮಾಡಿಡಿ. ಅದರ ಹಿಂದಿರುವ ಇಸ್ಪೀಕ್ ಎನ್‌ಜಿ ಕನ್ನಡ ಓದುತ್ತದೆ. ದನಿ ತಗಡಿನಂತಿದೆ, ಆದರೂ ಓದುತ್ತದೆ. ಹೆಡ್‌ಫೋನ್ ಮರೆಯಬೇಡಿ.

ಇಂಟರ್ನೆಟ್ ಬರುವ ಹೊತ್ತು, ಕೇಂದ್ರ ತೆರೆಯುವ ಹೊತ್ತು

ಪಂಚಾಯಿತಿಗಳಿಗೆ ಇಂಟರ್ನೆಟ್ ತರುವ ಸರ್ಕಾರಿ ಯೋಜನೆ ಭಾರತ್‌ನೆಟ್‌ನ ಫೈಬರ್ ಪಂಚಾಯಿತಿ ಕಚೇರಿಯೊಳಗೆ ಬಂದು ನಿಂತಿದೆ. ಅರಿವು ಕೇಂದ್ರ ಅದೇ ಆವರಣದ ಇನ್ನೊಂದು ಕಟ್ಟಡ. ನೂರು ಮೀಟರಿನೊಳಗಿದ್ದರೆ ಕ್ಯಾಟ್6 ಕೇಬಲ್ ಎಳೆಯಬಹುದು, ಆದರೆ ಎರಡು ಕಟ್ಟಡಗಳ ನಡುವೆ ತಾಮ್ರ ಎಳೆದರೆ ಮುಂಗಾರಿಗೆ ಮುಂಚಿನ ಮೊದಲ ಸಿಡಿಲಿಗೇ ಎರಡೂ ತುದಿಯ ಪೋರ್ಟುಗಳು ಹೋಗುತ್ತವೆ. ಮಧ್ಯೆ ಫೈಬರ್ ತುಂಡು, ಎರಡು ಕಡೆ ಫೈಬರನ್ನು ತಾಮ್ರದ ಕೇಬಲ್ಲಿಗೆ ಜೋಡಿಸುವ ಮೀಡಿಯಾ ಕನ್ವರ್ಟರ್ ಹಾಕಿದರೆ ಒಂದೂವರೆ–ಎರಡು ಸಾವಿರ ಹೆಚ್ಚು, ಸಿಡಿಲಿನ ಚಿಂತೆ ಕಡಿಮೆ.

ನಿಜವಾದ ತೊಡಕು ಬೇರೆ. ಸಂಜೆ ಕಚೇರಿ ಮುಚ್ಚುವಾಗ ಸಿಬ್ಬಂದಿ ಮೇನ್ ಸ್ವಿಚ್ ಇಳಿಸುತ್ತಾರೆ. ಕರೆಂಟ್ ಉಳಿಸುವ ಒಳ್ಳೆಯ ಅಭ್ಯಾಸವೇ. ಆದರೆ ಫೈಬರಿನ ಪೆಟ್ಟಿಗೆಯೂ ಅದರೊಂದಿಗೆ ಮಲಗುತ್ತದೆ, ಮಕ್ಕಳು ಶಾಲೆ ಬಿಟ್ಟು ಅರಿವು ಕೇಂದ್ರಕ್ಕೆ ಬರುವುದು ಆಗಲೇ. ಆ ಪೆಟ್ಟಿಗೆಗೆ ಮೇನ್ ಸ್ವಿಚ್ಚಿನ ಹಿಂದಿನಿಂದ ಬೇರೆ ಸಾಲು, ಅದಕ್ಕೊಂದು ಎಂಸಿಬಿ, ರೂಟರಿಗೆಂದೇ ಸಿಗುವ ಪುಟ್ಟ 12 ವೋಲ್ಟ್ ಯುಪಿಎಸ್ ಇಷ್ಟು ಬೇಕಾಯಿತು. ಹಾಕಲು ಅರ್ಧ ದಿನ, ಒಪ್ಪಿಗೆಗೆ ಮತ್ತೊಂದು ಸಭೆ.

ಇಂಟರ್ನೆಟ್ ಇಲ್ಲದ ದಿನಗಳಿಗೆ ಒಂದು ಯಂತ್ರದಲ್ಲಿ ಕಿವಿಕ್ಸ್ ಎಂಬ ಓದುವ ತಂತ್ರಾಂಶ ಹಾಕಿ ಕನ್ನಡ ವಿಕಿಪೀಡಿಯಾದ ಕಡತ ಇಟ್ಟರೆ, ಮೂವತ್ತು ಸಾವಿರ ಲೇಖನಗಳು ಉಳಿದ ಯಂತ್ರಗಳಿಗೂ ಸಿಗುತ್ತವೆ. ಕರ್ನಾಟಕ ಪಠ್ಯಪುಸ್ತಕ ಸಂಘದ ಪಿಡಿಎಫ್‌ಗಳನ್ನು ತರಗತಿವಾರು ಇಳಿಸಿಡಿ. ಫೋಲ್ಡರಿನ ಹೆಸರು ಕನ್ನಡದಲ್ಲಿರಲಿ. ಹೆಚ್ಚು ಬಳಕೆಯಾಗುವುದು ಇದೇ.

ಪ್ರಿಂಟರ್ ಕೊಳ್ಳುವಾಗ ಲಿನಕ್ಸಿಗೆ ಡ್ರೈವರ್ ಇದೆಯೇ ಎಂದು ಮೊದಲೇ ನೋಡಿ. ಜೆರಾಕ್ಸ್ ಅಂಗಡಿಗಳಲ್ಲೆಲ್ಲ ಕಾಣುವ ಹಳೇ ಪುಟ್ಟ ಲೇಸರ್‌ಗಳಲ್ಲಿ ಕೆಲವು ಬಹಳ ಕಾಡುತ್ತವೆ. ಇಂಕ್ ಪ್ರಿಂಟರ್ ಬೇಡವೇ ಬೇಡ. ದಿನಕ್ಕೆ ನಾಲ್ಕು ಹಾಳೆ ತೆಗೆಯುವ ಕಡೆ, ಬೇಸಿಗೆಯ ಸೆಕೆಗೆ ಶಾಯಿ ಒಣಗಿ ಹೆಡ್ ಕಟ್ಟುತ್ತದೆ.

ಕಲಿಸಲು ಕೂತಾಗ

ಹಳ್ಳಿಯವರಿಗೆ ಕಂಪ್ಯೂಟರ್ ಕಲಿಸುವ ಕೇಂದ್ರ ಸರ್ಕಾರದ ಪಿಎಂಜಿದಿಶಾ ಯೋಜನೆಯಲ್ಲಿ 20 ಗಂಟೆಯ ಪಾಠವಿತ್ತು, ಕೊನೆಗೊಂದು ಪರೀಕ್ಷೆ, ಪ್ರಮಾಣಪತ್ರ. ಅದು 2024ರ ಮಾರ್ಚ್ 31ಕ್ಕೆ ಮುಗಿದಿದೆ. ಈಗಲೂ ಸರ್ಟಿಫಿಕೇಟ್ ಸಿಗುತ್ತದಾ ಎಂದು ಕೇಳುತ್ತ ಬರುತ್ತಾರೆ. ಆ ಹೆಸರಿನಲ್ಲಿ ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ ಎಂದು ಗೋಡೆಗೆ ಬರೆದು ಅಂಟಿಸುವುದು ಒಳ್ಳೆಯದು.

ಸಿಪಿಯು ಎಂದರೇನು, ಮಾನಿಟರ್ ಎಂದರೇನು ಎಂದು ಶುರು ಮಾಡಿದರೆ ಮರುದಿನ ಅರ್ಧ ಜನ ಬರುವುದಿಲ್ಲ. ಅವರಿಗೆ ಕಂಪ್ಯೂಟರ್ ಹೊಸದಲ್ಲ, ಫೋನ್ ಕೈಯಲ್ಲಿದೆ. ಹೊಸದು ಮೌಸ್. ಇಸ್ಪೀಟಿನ ಸಾಲಿಟೇರ್ ಆಟ ಎರಡು ದಿನ ಆಡಿಸಿದರೆ ಹಿಡಿದು ಎಳೆಯುವುದು, ಬಿಡುವುದು ಕೈಗೆ ಬರುತ್ತದೆ; ಮಕ್ಕಳಿಗೆ ಚಿತ್ರ ಬಿಡಿಸುವ ಟಕ್ಸ್ ಪೇಂಟ್ ಸಾಕು. ಡಬಲ್ ಕ್ಲಿಕ್ಕಿನ ವೇಗವನ್ನು ಸೆಟ್ಟಿಂಗಿನಲ್ಲಿ ನಿಧಾನ ಮಾಡಿಡಿ. ಗದ್ದೆ ಕೆಲಸದ ಬೆರಳಿಗೆ ಆ ಎರಡು ಟಕಟಕ ಬೇಗ ಬೀಳುವುದಿಲ್ಲ. ಇದನ್ನು ಮಾಡದೆ ಕಲಿಯುವವರನ್ನು ದಡ್ಡರು ಎನ್ನುವ ಮಾಸ್ತರರು ಬೇಕಾದಷ್ಟಿದ್ದಾರೆ. ಅದು ಮುಗಿದ ಮೇಲೆ ನೇರ ಪಹಣಿ ತೆಗೆಯುವುದಕ್ಕೆ, ಸೇವಾ ಸಿಂಧುವಿನಲ್ಲಿ ಅರ್ಜಿಯ ಸ್ಥಿತಿ ನೋಡುವುದಕ್ಕೆ, ಡಿಜಿಲಾಕರಿಗೆ ಹೋಗಬಹುದು.

ಹೆಣ್ಣುಮಕ್ಕಳು ಅಡುಗೆ, ಬಟ್ಟೆ ಮುಗಿಸಿ ಬರುವುದು ಮಧ್ಯಾಹ್ನ ಎರಡರಿಂದ ನಾಲ್ಕು. ಭತ್ತದ ನಾಟಿ ಶುರುವಾದರೆ ಯಾರೂ ಬರುವುದಿಲ್ಲ, ವೇಳಾಪಟ್ಟಿ ಹಾಕುವಾಗ ಪಂಚಾಂಗ ನೋಡಿದಂತೆ ಕಾಲುವೆ ನೀರು ಬಿಡುವ ತಾರೀಖು ನೋಡಿ. ಇವರ ಪಾಠ ನಿಲ್ಲುವ ಜಾಗವೂ ಒಂದೇ: ಒಟಿಪಿ. ಆಧಾರ್‌ಗೆ ಜೋಡಿಸಿದ ಮೊಬೈಲ್ ಗಂಡನದೋ ಮಗನದೋ, ಅವರು ಬೆಂಗಳೂರಿನಲ್ಲಿ ಕಟ್ಟಡದ ಕೆಲಸದಲ್ಲಿರುತ್ತಾರೆ. ಫೋನ್ ಮಾಡಿ ಕೇಳಿ, ಅವರು ಹೇಳಿ, ಇಲ್ಲಿ ಒತ್ತುವಷ್ಟರಲ್ಲಿ ಸಮಯ ಮೀರಿರುತ್ತದೆ. ‘ಒಟಿಪಿ ಯಾರಿಗೂ ಹೇಳಬೇಡಿ’ ಎಂದು ಕಲಿಸುವ ಕೇಂದ್ರದಲ್ಲೇ ದಿನವೂ ಫೋನಿನಲ್ಲಿ ಒಟಿಪಿ ಕೂಗಿ ಹೇಳಿಸಿಕೊಳ್ಳುವ ಪಾಡು. ತರಗತಿ ಶುರು ಮಾಡುವ ಮೊದಲು ಹೆಸರು ಬರೆಸಿದವರನ್ನೆಲ್ಲ ಆಧಾರ್ ಕೇಂದ್ರಕ್ಕೆ ಕರೆದೊಯ್ದು ಅವರವರ ನಂಬರ್ ಸೇರಿಸಿಕೊಂಡು ಬರುವುದು ಮೊದಲ ಪಾಠವಾಗಬೇಕು. ಬಸ್ಸಿಗೆ ದುಡ್ಡು ಬೇಕಿಲ್ಲ, ಶಕ್ತಿ ಯೋಜನೆ ಇದೆ.

ಮೋಸದ ವಿಷಯವನ್ನು ಉಪದೇಶದಂತೆ ಹೇಳಿದರೆ ನಿಲ್ಲುವುದಿಲ್ಲ, ಮಾಡಿ ತೋರಿಸಿ. ಒಬ್ಬರ ಫೋನಿನಿಂದ ಇನ್ನೊಬ್ಬರಿಗೆ ಯುಪಿಐನಲ್ಲಿ ಒಂದು ರೂಪಾಯಿ ಕಳಿಸಿ, ಪಡೆದವರ ಕಡೆ ಪಿನ್ ಕೇಳಲೇ ಇಲ್ಲ ಎಂಬುದನ್ನು ತೋರಿಸಿ. ದುಡ್ಡು ಬರಲು ಪಿನ್ ಬೇಡ ಎಂಬುದು ಆಗ ತಲೆಗೆ ಹೋಗುತ್ತದೆ. ಬೆರಳಚ್ಚಿನಿಂದ ಹಣ ತೆಗೆಯುವ ಕಡೆ ಮೋಸ ಆಗದಂತೆ ಆಧಾರ್ ಬಯೋಮೆಟ್ರಿಕ್ ಲಾಕ್ ಮಾಡುವುದನ್ನು ಕಲಿಸಿ, ಜೊತೆಗೆ ತೆಗೆಯುವುದನ್ನೂ. ಲಾಕ್ ಆಗಿದ್ದರೆ ಬೆರಳಚ್ಚು ಕೇಳುವ ಕಡೆಯಲ್ಲೆಲ್ಲ ಕೆಲಸ ನಿಲ್ಲುತ್ತದೆ. 1930 ಎಂಬ ಸೈಬರ್ ಮೋಸದ ಸಹಾಯವಾಣಿಯನ್ನು ಪ್ರತಿಯೊಬ್ಬರ ಫೋನಿನಲ್ಲಿ ‘ದುಡ್ಡು ಹೋದ್ರ’ ಎಂಬ ಹೆಸರಿನಲ್ಲಿ ಸೇವ್ ಮಾಡಿಸಿ.

ಒಪ್ಪಿಸುವ ದಿನ ಮೇಲ್ವಿಚಾರಕಿಯ ಕೈಗೆ ಕೊಡಬೇಕಾದ ಸಾಮಾನು ಇಷ್ಟು: ಒಂದು ಸಿದ್ಧ ಎಸ್‌ಎಸ್‌ಡಿ, ಎರಡು ಮೌಸ್, ಒಂದು ಕೀಬೋರ್ಡ್, ಎರಡು ಪವರ್ ಕೇಬಲ್, ನಾಲ್ಕು ಸಿಆರ್2032, ಧೂಳು ಹೊಡೆಯಲು ಎರಡಿಂಚಿನ ಪೇಂಟ್ ಬ್ರಷ್, ಐದು ಲೀಟರ್ ಡಿಸ್ಟಿಲ್ಡ್ ವಾಟರ್. ಅಡ್ಮಿನ್ ಪಾಸ್‌ವರ್ಡ್ ಮುಚ್ಚಿದ ಲಕೋಟೆಯಲ್ಲಿ ಪಂಚಾಯಿತಿಯ ಬೀರುವಿಗೆ, ಅದರ ಮೇಲೆ ಪಿಡಿಒ ಸಹಿ. ಬ್ಯಾಟರಿಯ ನೀರನ್ನು ಮೂರು ತಿಂಗಳಿಗೊಮ್ಮೆ, ಮಾರ್ಚ್‌ನಿಂದ ಮೇ ತನಕ ತಿಂಗಳಿಗೊಮ್ಮೆ ನೋಡಬೇಕು. ಬೋರಿನ ನೀರು ಹಾಕಿದರೆ ಒಂದೇ ವರ್ಷಕ್ಕೆ ಬ್ಯಾಟರಿ ಮುಗಿಯುತ್ತದೆ, ಹೊಸದಕ್ಕೆ ಹದಿನಾಲ್ಕು–ಹದಿನೈದು ಸಾವಿರ. ಅದಕ್ಕೆ ಮತ್ತೆ ಠರಾವು ಬೇಕು.